ರೇವು ಬಂತು, ಇಳಿಯುವುದೋ, ಬೇಡವೋ?

2015ನೆಯ ಇಸವಿಯ ಮಾರ್ಚ್ 18, ಬುಧವಾರ. ಉತ್ತರ ಆಫ್ರಿಕದ ಟ್ಯುನೀಸಿಯ ದೇಶದ ರಾಜಧಾನಿ ಟ್ಯೂನಿಸ್. ಆ ನಗರದಿಂದ ಸುಮಾರು ಹತ್ತು ಕಿಲೋಮೀಟರು ದೂರದಲ್ಲಿ, ಉಪ್ಪುನೀರಿನ ಸರೋವರವೊಂದು ಕಡಲನ್ನು ಕೂಡುವ ಇಕ್ಕಟ್ಟಿನಲ್ಲಿ, ಲಾ ಗೂಲೆಟ್ ಎಂಬ ರೇವುಪಟ್ಟಣವಿದೆ. ಅರಬ್ಬರು ಅದನ್ನು ಕರೆಯುವ ಹೆಸರಿಗೆ ‘ಹೊಳೆಯ ಗಂಟಲು’ ಎಂದು ಅರ್ಥ. ಅಂದು ಬೆಳಗ್ಗೆ ಅಲ್ಲಿನ ಧಕ್ಕೆಗೆ ಎರಡು ಭಾರಿ ವಿಹಾರನೌಕೆಗಳು ತಾಗಿ ನಿಂತಿದ್ದುವು. ಒಂದು ‘ಕೋಸ್ಟಾ ಫಸಿನೋಸ’, ಇನ್ನೊಂದು ‘ಎಂ.ಎಸ್.ಸಿ. ಸ್ಪ್ಲೆಂಡಿಡ’. ಒಂದೊಂದರಲ್ಲಿಯೂ ಮೂರು ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರು.

ಇಂತಹ ಹಡಗುಗಳ ದಿನಚರಿ ಹೆಚ್ಚುಕಡಮೆ ಎಲ್ಲೆಲ್ಲಿಯೂ ಒಂದೇ ಬಗೆ. ರಾತ್ರಿಯೆಲ್ಲ ಪ್ರಯಾಣ; ಬೆಳಗಾದರೆ ಹೊಸದೊಂದು ರೇವು. ಉಪಾಹಾರ ಮುಗಿಸಿ, ಕ್ಯಾಮರಾ ಹೆಗಲಿಗೇರಿಸಿ ಕೆಳಗಿಳಿದರೆ ಸಾಲಾಗಿ ಬಸ್ಸುಗಳು ಕಾದಿರುತ್ತವೆ. ಅಂದು ಲಾ ಗೂಲೆಟ್‌ನಲ್ಲಿ ಇಳಿದವರ ಮುಂದೆಯೂ ಆಯ್ಕೆಗಳಿದ್ದುವು. ಕಾರ್ಥೇಜ್‌ನ ಪ್ರಾಚೀನ ಅವಶೇಷಗಳನ್ನು ನೋಡಬಹುದು; ನೀಲಿ ಬಾಗಿಲು, ಬಿಳಿ ಗೋಡೆಗಳ ಸಿದಿ ಬೂ ಸಯೀದ್ ಹಳ್ಳಿಗೆ ಹೋಗಬಹುದು; ಟ್ಯೂನಿಸ್ಸಿನ ಹಳೆಯ ಪೇಟೆಯಲ್ಲಿ ಜಮಖಾನೆಗೆ ಚೌಕಾಸಿ ಮಾಡಬಹುದು; ಬಾರ್ಡೋ ವಸ್ತುಸಂಗ್ರಹಾಲಯದಲ್ಲಿ ರೋಮನರ ಕಾಲದ ಚಿತ್ರಶಿಲೆಗಳನ್ನು, ಎಂದರೆ ಸಣ್ಣ ಬಣ್ಣದ ಕಲ್ಲುಗಳನ್ನು ಜೋಡಿಸಿ ಮಾಡಿದ ಮೊಸಾಯಿಕ್ ಚಿತ್ರಗಳನ್ನು, ಕಣ್ತುಂಬ ನೋಡಬಹುದು. ಏನೂ ಬೇಡವೆಂದರೆ ಹಡಗಿನ ಮೇಲಟ್ಟದಲ್ಲಿ ಬಿಸಿಲು ಕಾಯಿಸುತ್ತ ಕುಳಿತಿರಬಹುದು.

ಬಾರ್ಡೋ ಬಸ್ಸನ್ನು ಹತ್ತಿದವರು ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ತಲಪಿದರು. ಅವರು ಬಸ್ಸಿನಿಂದ ಇಳಿಯುತ್ತಿದ್ದಾಗಲೇ ಇಬ್ಬರು ಬಂದೂಕುಧಾರಿಗಳು ಗುಂಡಿನ ಮಳೆ ಸುರಿಸಿದರು; ಅನಂತರ ಓಡುವವರನ್ನು ಅಟ್ಟಿಕೊಂಡು ಕಟ್ಟಡದೊಳಗೆ ನುಗ್ಗಿದರು. ಸುಮಾರು ಮೂರು ಗಂಟೆಗಳ ಬಳಿಕ ಪೊಲೀಸರು ಆ ಇಬ್ಬರನ್ನೂ ಹೊಡೆದುರುಳಿಸಿದಾಗ ಲೆಕ್ಕ ತೆಗೆದರೆ, ಇಟಲಿ, ಜಪಾನ್, ಫ್ರಾನ್ಸ್, ಪೋಲೆಂಡ್, ಸ್ಪೇನ್, ಕೊಲಂಬಿಯ ಮೊದಲಾದ ದೇಶಗಳ ಪ್ರವಾಸಿಗರೂ ಒಬ್ಬ ಟ್ಯುನೀಸಿಯದ ಪೊಲೀಸನೂ ಮಡಿದಿದ್ದರು. ಆಮೇಲೆ ಆಸ್ಪತ್ರೆಯಲ್ಲಿ ಅಸು ನೀಗಿದವರೂ ಸೇರಿ ಸತ್ತವರ ಸಂಖ್ಯೆ 22ಕ್ಕೆ ಏರಿತು. ಅವರಲ್ಲಿ ಬಹುಪಾಲು ಮಂದಿ ಆ ಎರಡು ಹಡಗುಗಳಿಂದ ಇಳಿದು ಬಂದಿದ್ದವರು.

ಸ್ಪೇನಿನ ದಂಪತಿಗಳಿಬ್ಬರು (ಹೆಂಡತಿ ಆಗ ಗರ್ಭಿಣಿ) ಸಂಗ್ರಹಾಲಯದ ನೌಕರನೊಬ್ಬನ ನೆರವಿನಿಂದ ಕಟ್ಟಡದ ಒಳಗೊಂದು ಮೂಲೆಯಲ್ಲಿ ಅಡಗಿ ಕುಳಿತರು. ಗದ್ದಲ ಅಡಗಿ ಎಷ್ಟೋ ಹೊತ್ತಾದ ಮೇಲೂ ಹೊರಗೆ ಬರುವ ಧೈರ್ಯ ಅವರಿಗಾಗಲಿಲ್ಲ. ಇಡೀ ರಾತ್ರಿ ಅಲ್ಲಿಯೇ ಕಳೆದು, ಮರುದಿನ ಬೆಳಗ್ಗೆ ಹೊರಗೆ ಬಂದರು. ಊರಿನಲ್ಲಿ ಅವರ ಮನೆಯವರು ಆ ರಾತ್ರಿಯನ್ನು ಹೇಗೆ ಕಳೆದರೋ!

ಹಡಗುಗಳು ಹೊರಟುಹೋದುವು. ಕೆಲವೇ ದಿನಗಳಲ್ಲಿ ಎರಡೂ ಕಂಪನಿಗಳು ಟ್ಯೂನಿಸ್ಸನ್ನು ತಮ್ಮ ವೇಳಾಪಟ್ಟಿಯಿಂದ ತೆಗೆದುಹಾಕಿದುವು. ಅಂದಿನಿಂದ ಇಂದಿನವರೆಗೂ ಪ್ರವಾಸ ಹೊರಡುವ ಸಂಸಾರಗಳಲ್ಲಿ, ಊಟದ ಮೇಜಿನ ಸುತ್ತ, ಮತ್ತೆ ಮತ್ತೆ ಏಳುವ ಪ್ರಶ್ನೆಯೊಂದಿದೆ: ಭಯೋತ್ಪಾದಕರ ದಾಳಿಗೆ ತುತ್ತಾದ ಊರಿನ ರೇವಿಗೆ ಹಡಗು ಹೋಗಬೇಕೇ? ಹೋದರೂ ನಾವು ಇಳಿಯಬೇಕೇ? ‘ಜೀವವಿದ್ದರೆ ಬೆಲ್ಲ ಬೇಡಿ ತಿಂದೇವು, ನಡೆಯಿರಿ ಬೇರೆ ಕಡೆಗೆ’ ಎನ್ನುವವರು ಒಂದು ಪಕ್ಷ. ‘ಹೆದರಿ ಕುಳಿತರೆ ಕೊಂದವರಿಗೇ ಗೆಲವು, ಬೇಕೆಂದೇ ಹೋಗೋಣ’ ಎನ್ನುವವರು ಇನ್ನೊಂದು ಪಕ್ಷ. ಇಬ್ಬರ ಮಾತೂ ಕೇಳುವುದಕ್ಕೆ ಚೆನ್ನ. ಆದರೆ ನಡೆದ ಸಂಗತಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಇಬ್ಬರ ಮಾತೂ ಅರ್ಧಕ್ಕೇ ನಿಲ್ಲುತ್ತದೆ.

ಹಡಗಿನಲ್ಲೇ ಉಳಿದವರ ಪಾಡು

ಮೊದಲನೆಯದಾಗಿ, ಹಡಗಿನಿಂದ ಇಳಿಯದಿದ್ದರೆ ಕ್ಷೇಮ ಎಂಬ ನಂಬಿಕೆ. ಇದಕ್ಕೆ ಬಾರ್ಡೋ ದಾಳಿಗೂ ಮೂವತ್ತು ವರ್ಷ ಹಿಂದಿನ ಒಂದು ಕಥೆಯನ್ನು ನೆನೆಯಬೇಕು. 1985ರ ಅಕ್ಟೋಬರ್ 7ರಂದು ‘ಅಕಿಲೆ ಲಾವ್ರೊ’ ಎಂಬ ಇಟಲಿಯ ಹಡಗು ಈಜಿಪ್ಟಿನ ಅಲೆಕ್ಸಾಂಡ್ರಿಯ ರೇವಿನಲ್ಲಿತ್ತು. ಪ್ರಯಾಣಿಕರಲ್ಲಿ ಆರುನೂರಕ್ಕೂ ಹೆಚ್ಚು ಮಂದಿ ಪಿರಮಿಡ್ಡುಗಳನ್ನು ನೋಡಲೆಂದು ಅಲ್ಲಿ ಇಳಿದರು. ಬಸ್ಸಿನಲ್ಲಿ ಕೈರೋವಿಗೆ ಹೋಗಿ, ಸಂಜೆ ಪೋರ್ಟ್ ಸಯೀದ್ ರೇವಿನಲ್ಲಿ ಮತ್ತೆ ಹಡಗನ್ನು ಹತ್ತುವುದೆಂದು ಏರ್ಪಾಡು. ವಯಸ್ಸಾದವರು, ದಣಿದವರು, ಬಿಸಿಲು ಮರಳುಗಳ ಗೊಡವೆ ಬೇಡವೆಂದವರು, ಒಟ್ಟು ನೂರರೊಳಗಿನ ಮಂದಿ, ಹಡಗಿನಲ್ಲೇ ಉಳಿದರು. ಆ ಹಡಗಿನಲ್ಲಿ ಪ್ರಯಾಣಿಕರ ವೇಷದಲ್ಲಿ ನಾಲ್ವರು ಪ್ಯಾಲೆಸ್ಟೈನ್ ಉಗ್ರರಿದ್ದರು. ಅವರ ಗುರಿ ಮುಂದಿನ ಒಂದು ಇಸ್ರೇಲಿ ರೇವು. ಆದರೆ ಹಡಗಿನ ಸೇವಕನೊಬ್ಬನು ಅವರ ಕೋಣೆಯಲ್ಲಿ ಆಯುಧಗಳನ್ನು ಕಂಡುಬಿಟ್ಟುದರಿಂದ ಅವರು ಅಲ್ಲಿಯೇ, ನಡುಗಡಲಿನಲ್ಲಿ, ಹಡಗನ್ನು ವಶಪಡಿಸಿಕೊಂಡರು.

ಪಿರಮಿಡ್ಡು ನೋಡಹೋದವರು ಬದುಕಿಕೊಂಡರು. ಉಳಿದವರು ಮೂರು ದಿನ ಒತ್ತೆಯಾಳುಗಳಾದರು. ಅವರಲ್ಲಿ ಒಬ್ಬರು 69 ವರ್ಷದ ಅಮೆರಿಕನ್ ಯಹೂದಿ ಲಿಯಾನ್ ಕ್ಲಿಂಗ್‌ಹಾಫರ್. ಗಾಲಿಕುರ್ಚಿಯಲ್ಲಿ ಕುಳಿತೇ ಓಡಾಡುತ್ತಿದ್ದವರು. ಉಗ್ರರು ಅವರನ್ನು ಗುಂಡಿಕ್ಕಿ ಕೊಂದು, ಕುರ್ಚಿಸಮೇತ ಕಡಲಿಗೆ ನೂಕಿಸಿದರು. ಅವರ ಪತ್ನಿ ಅದೇ ಹಡಗಿನ ಇನ್ನೊಂದು ಭಾಗದಲ್ಲಿ ಉಳಿದ ಸೆರೆಯಾಳುಗಳ ನಡುವೆ ಇದ್ದರು.

ಮೂರು ವರ್ಷಗಳ ತರುವಾಯ, 1988ರ ಜುಲೈ 11ರಂದು, ಗ್ರೀಸ್ ದೇಶದ ‘ಸಿಟಿ ಆಫ್ ಪೋರೋಸ್’ ಎಂಬ ಹಡಗು ದಿನದ ವಿಹಾರ ಮುಗಿಸಿ ಅಥೆನ್ಸಿನ ಕಡೆಗೆ ಮರಳುತ್ತಿತ್ತು. ಪ್ರಯಾಣಿಕರಂತೆಯೇ ಹಡಗನ್ನು ಹತ್ತಿದ್ದವನ ಕೈಯಿಂದ ಗುಂಡೂ ಕೈಬಾಂಬೂ ಸಿಡಿದು ಒಂಬತ್ತು ಮಂದಿ ಸತ್ತರು. 98 ಮಂದಿ ಗಾಯಗೊಂಡರು. ಅಲ್ಲಿ ಇಳಿಯುವ ಪ್ರಶ್ನೆಯೇ ಇರಲಿಲ್ಲ, ಸುತ್ತಲೂ ನೀರು.

ಇವೆರಡೂ ಹಳೆಯ ಮಾತು, ನಿಜ. ಅಂದಿಗೂ ಇಂದಿಗೂ ಅಂತರ ಬಹಳವಿದೆ. ಅಕಿಲೆ ಲಾವ್ರೊ ಪ್ರಕರಣದ ಫಲವಾಗಿ 1988ರಲ್ಲಿ ರೋಮ್ ನಗರದಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಯಿತು. 2001ರಲ್ಲಿ ನ್ಯೂಯಾರ್ಕಿನ ಗೋಪುರಗಳು ಉರುಳಿದ ಮೇಲೆ, ಹಡಗುಗಳಿಗೂ ರೇವುಗಳಿಗೂ ಅನ್ವಯಿಸುವ ಭದ್ರತಾ ನಿಯಮಾವಳಿಯೊಂದು ರಚಿತವಾಗಿ, 2004ರ ಜುಲೈ 1ರಿಂದ ಜಾರಿಗೆ ಬಂದಿತು. ಈಗ ಪ್ರತಿಯೊಂದು ಹಡಗಿಗೂ ಒಬ್ಬ ಭದ್ರತಾಧಿಕಾರಿ. ಪ್ರತಿಯೊಂದು ರೇವಿಗೂ ಒಬ್ಬ. ಅಪಾಯದ ಮಟ್ಟವನ್ನು ಒಂದು, ಎರಡು, ಮೂರು ಎಂದು ವಿಂಗಡಿಸಿ, ಮಟ್ಟ ಏರಿದಂತೆ ಕಾವಲನ್ನು ಏರಿಸುತ್ತಾರೆ. ಪ್ರಯಾಣಿಕನ ಚೀಲ ವಿಮಾನನಿಲ್ದಾಣದಲ್ಲಿ ಹಾಯುವಂತೆಯೇ ಯಂತ್ರದೊಳಗೆ ಹಾಯುತ್ತದೆ. ಹತ್ತುವಾಗ ಅವನ ಚೀಟಿಯನ್ನು ಯಂತ್ರಕ್ಕೆ ಹಿಡಿದರೆ ಅವನ ಮುಖಚಿತ್ರ ಕಾವಲುಗಾರನ ಮುಂದೆ ಮೂಡುತ್ತದೆ.

ಅಪಾಯ ಎಲ್ಲಿತ್ತು?

ಹಾಗಾದರೆ 2015ರ ಮಾರ್ಚಿಯಲ್ಲಿ ಈ ಕಟ್ಟೆಚ್ಚರವೆಲ್ಲ ಏನಾಯಿತು? ಏನೂ ಆಗಲಿಲ್ಲ, ಅದು ಇದ್ದೇ ಇತ್ತು. ಲಾ ಗೂಲೆಟ್ ರೇವಿನಲ್ಲಿ ಯಾರಿಗೂ ಒಂದು ಗೀರೂ ಆಗಲಿಲ್ಲ ಎಂಬುದನ್ನು ಗಮನಿಸಬೇಕು. ಕೊಲೆ ನಡೆದುದು ರೇವಿನ ಬೇಲಿಯಾಚೆ, ನಗರದ ಇನ್ನೊಂದು ತುದಿಯಲ್ಲಿ, ಬಸ್ಸುಗಳು ನಿಲ್ಲುವ ಅಂಗಳದಲ್ಲಿ. ಹಡಗಿನ ನಿಯಮಾವಳಿ ಧಕ್ಕೆಯ ಬಾಗಿಲಿಗೆ ಮುಗಿಯುತ್ತದೆ. ಆ ಬಾಗಿಲು ದಾಟಿದ ಮೇಲೆ, ಹಡಗಿನ ಹೆಸರನ್ನು ಹೊತ್ತ ದೊಡ್ಡ ಬಸ್ಸುಗಳು ಒಂದರ ಹಿಂದೊಂದು, ಎಲ್ಲರಿಗೂ ಗೊತ್ತಿರುವ ದಾರಿಯಲ್ಲಿ, ಎಲ್ಲರಿಗೂ ಗೊತ್ತಿರುವ ಜಾಗಕ್ಕೆ ಬಂದು ನಿಲ್ಲುತ್ತವೆ. ಹೊಂಚುಹಾಕುವವನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಅಲ್ಲಿ ಕಾವಲಿರಲಿಲ್ಲವೇ? ಬಾರ್ಡೋ ಸಂಗ್ರಹಾಲಯವಿರುವುದು ದೇಶದ ಸಂಸತ್ತಿನ ಆವರಣದಲ್ಲಿಯೇ, ಗೋಡೆಗೆ ಗೋಡೆ ಹತ್ತಿದಂತೆ. ದಾಳಿಯ ವೇಳೆಯಲ್ಲಿ ಸಂಸತ್ತಿನ ಸಭೆಗಳೂ ನಡೆಯುತ್ತಿದ್ದುವು. ಇಂತಹ ಸ್ಥಳಕ್ಕೆ ಪಹರೆಗೆಂದು ನೇಮಕವಾಗಿದ್ದ ಪೊಲೀಸರು ತಮ್ಮ ಜಾಗದಲ್ಲಿರದೆ ಕಾಫಿ ಅಂಗಡಿಯಲ್ಲಿದ್ದರೆಂದೂ, ಒಬ್ಬನಂತೂ ಅಂದು ಕೆಲಸಕ್ಕೇ ಬಂದಿರಲಿಲ್ಲವೆಂದೂ ಹೊರಗೆಡಹಿದವರು ಬೇರೆ ಯಾರೋ ಅಲ್ಲ. ಆ ಸಂಸತ್ತಿನ ಉಪಾಧ್ಯಕ್ಷ ಅಬ್ದೆಲ್‌ಫತ್ತಾ ಮೂರೂ ಅವರೇ. ಕೆಲವು ದಿನಗಳಲ್ಲಿ ಪ್ರಧಾನಿ ಹಬೀಬ್ ಎಸಿದ್ ಅವರು ಟ್ಯೂನಿಸ್ಸಿನ ಪೊಲೀಸ್ ಮುಖ್ಯಾಧಿಕಾರಿಯೂ ಸೇರಿದಂತೆ ಹಲವರನ್ನು ಕೆಲಸದಿಂದ ತೆಗೆದರು.

ಈ ಪ್ರಕರಣದ ತಿರುಳಿರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ದಾಳಿ ಯಾವ ಊರಿಗೆ ಬೇಕಾದರೂ ಆಗಬಹುದು. ದಾಳಿಯಾದ ಮಾತ್ರಕ್ಕೆ ಊರು ಕೆಟ್ಟದ್ದಲ್ಲ. ಆದರೆ ಪಹರೆಯವನು ಪಹರೆಯಲ್ಲಿರಲಿಲ್ಲವೆಂದು ತಿಳಿದ ಮೇಲೆ, ಈಗ ಬಂದು ನಿಂತನೇ ಇಲ್ಲವೇ ಎಂದು ಕೇಳದೆ ಇಳಿಯುವುದು ಧೈರ್ಯವೆನಿಸದು.

ನೂರು ದಿನಗಳ ಅನಂತರ

ಬಾರ್ಡೋ ದುರಂತಕ್ಕೆ ಲೋಕವೆಲ್ಲ ಮರುಗಿತು. ಮಾರ್ಚ್ 29ರಂದು ಟ್ಯೂನಿಸ್ಸಿನ ಬೀದಿಗಳಲ್ಲಿ ಸಹಸ್ರಾರು ಮಂದಿ ಮೆರವಣಿಗೆ ನಡೆದರು. ಫ್ರಾನ್ಸಿನ ಅಧ್ಯಕ್ಷ ಹೊಲಾಂಡ್ ಅವರೂ ಬಂದು ಹೆಜ್ಜೆಹಾಕಿದರು. ಮರುದಿನವೇ ಸಂಗ್ರಹಾಲಯದ ಬಾಗಿಲು ಸಾರ್ವಜನಿಕರಿಗೆ ತೆರೆಯಿತು. ‘ಟ್ಯುನೀಸಿಯಕ್ಕೆ ಬನ್ನಿರಿ, ಈಗಲೇ ಬನ್ನಿರಿ’ ಎಂದು ಕರೆಗಳು ಹೊರಟುವು. 2011ರ ಜನವರಿಯಲ್ಲಿ ನಿರಂಕುಶಾಧಿಕಾರಿ ಬೆನ್ ಅಲಿಯನ್ನು ಓಡಿಸಿ, ನೆರೆಹೊರೆಯ ರಾಷ್ಟ್ರಗಳೆಲ್ಲ ರಕ್ತದಲ್ಲಿ ಅದ್ದಿಹೋಗುತ್ತಿದ್ದಾಗಲೂ ಮತಪೆಟ್ಟಿಗೆಯ ದಾರಿಯನ್ನು ಬಿಡದ ಪುಟ್ಟ ದೇಶವದು. ಅದರ ಕೈ ಬಿಡಬಾರದೆಂದು ಬಹಳ ಜನರಿಗೆ ಅನ್ನಿಸಿದ್ದು ಸಹಜ. ಅವರಲ್ಲಿ ಎಷ್ಟೋ ಮಂದಿ ಆ ಬೇಸಿಗೆಯಲ್ಲಿ ಚೀಟಿ ಕೊಂಡು ಹೊರಟರು.

ಜೂನ್ 26. ಬಾರ್ಡೋ ಆಗಿ ಸರಿಯಾಗಿ ನೂರನೆಯ ದಿನ. ಟ್ಯೂನಿಸ್ಸಿನ ದಕ್ಷಿಣಕ್ಕಿರುವ ಸೂಸ್ ಎಂಬ ಊರಿನ ಹತ್ತಿರ, ಹೋಟೆಲೊಂದರ ಮುಂದಿನ ಮರಳುದಂಡೆಯಲ್ಲಿ, ಯುವಕನೊಬ್ಬನು ಬಿಸಿಲುಕೊಡೆಯಲ್ಲಿ ಅಡಗಿಸಿ ತಂದಿದ್ದ ಬಂದೂಕನ್ನು ಹೊರತೆಗೆದನು. 38 ಮಂದಿ ಪ್ರವಾಸಿಗರು ಸತ್ತರು. ಅವರಲ್ಲಿ 30 ಮಂದಿ ಬ್ರಿಟಿಷರು. 2017ರಲ್ಲಿ ಲಂಡನ್ನಿನಲ್ಲಿ ಈ ಸಾವುಗಳ ವಿಚಾರಣೆ ನಡೆಸಿದ ನ್ಯಾಯಾಧೀಶರು, ಸ್ಥಳಕ್ಕೆ ಬೇಗ ಬರಬಹುದಾಗಿದ್ದ ಪೊಲೀಸರು ಬೇಕೆಂದೇ ತಡಮಾಡಿದರೆಂದು ಕಟುವಾಗಿ ನುಡಿದರು. ನೂರು ದಿನಗಳಲ್ಲಿ ಅಧಿಕಾರಿಗಳ ಹೆಸರು ಬದಲಾಗಿತ್ತು. ಕಾವಲಿನ ರೀತಿ ಬದಲಾಗಿರಲಿಲ್ಲ.

‘ಬೇಕೆಂದೇ ಹೋಗೋಣ’ ಎನ್ನುವ ಪಕ್ಷದವರು ಈ ಪುಟವನ್ನು ಹಾರಿಸಿಬಿಡುವಂತಿಲ್ಲ. ಸೂಸ್‌ನ ಮರಳಿನ ಮೇಲೆ ಬಿದ್ದವರು ಆ ಪಕ್ಷದವರ ಮಾತನ್ನೇ ನಂಬಿ ಬಂದವರಿದ್ದಿರಬಹುದು. ಮಾರ್ಚಿಯಲ್ಲಿ ಟ್ಯೂನಿಸ್ಸನ್ನು ಬಿಟ್ಟ ಹಡಗು ಕಂಪನಿಗಳ ಮೇಲೆ ಹೇಡಿತನದ ಅಪವಾದ ಹೊರಿಸಿದ್ದವರೂ ಆ ದಿನ ಮೌನವಾಗಿರಬೇಕಾಯಿತು. ಸಾಲದುದಕ್ಕೆ, ಅದೇ ವರ್ಷದ ನವೆಂಬರ್ 24ರಂದು ರಾಜಧಾನಿಯ ನಡುಬೀದಿಯಲ್ಲಿ ಅಧ್ಯಕ್ಷರ ಅಂಗರಕ್ಷಕರ ಬಸ್ಸೇ ಸ್ಫೋಟಕ್ಕೆ ಸಿಕ್ಕಿ 12 ಮಂದಿ ಕಾವಲುಗಾರರು ಮಡಿದರು.

ಆದರೆ ಅದೇ ಸೂಸ್‌ನ ದಂಡೆಯಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಪೊಲೀಸರು ಬಾರದಿದ್ದ ಹೊತ್ತಿನಲ್ಲಿ ನೆರೆಯ ಹೋಟೆಲಿನ ನೌಕರರು ಕೈಗೆ ಕೈ ಹಿಡಿದು ಸಾಲಾಗಿ ನಿಂತು, ‘ಮುಂದೆ ಹೋಗಬೇಕಾದರೆ ನಮ್ಮನ್ನು ಕೊಂದು ಹೋಗು’ ಎಂಬಂತೆ ಆ ಬಂದೂಕಿಗೆ ಅಡ್ಡವಾದರು. ಪಾತ್ರೆ ತೊಳೆಯುವವರು, ಕೋಣೆ ಗುಡಿಸುವವರು! ಅವರ ಹಿಂದೆ ಅತಿಥಿಗಳಿದ್ದರು. ಒಂದು ದೇಶವನ್ನು ನಂಬಬಹುದೋ ಇಲ್ಲವೋ ಎಂದು ತೂಗುವಾಗ ತಕ್ಕಡಿಯ ಯಾವ ತಟ್ಟೆಗೆ ಇದನ್ನು ಇಡುವುದು?

ಬಾರ್ಸಿಲೋನಕ್ಕೊಂದು ನ್ಯಾಯ

ಬಾರ್ಡೋ ದುರಂತದ ಬಳಿಕ ‘ಸ್ಪ್ಲೆಂಡಿಡ’ ಹಡಗು ನೇರವಾಗಿ ಹೋದದ್ದು ಸ್ಪೇನಿನ ಬಾರ್ಸಿಲೋನಕ್ಕೆ. ನಡುಗುವ ಜನರನ್ನು ಆ ಊರು ಬರಮಾಡಿಕೊಂಡಿತು. ಅಲ್ಲಿ ಇಳಿದವರು ಸುರಕ್ಷಿತ ನೆಲವನ್ನು ಮುಟ್ಟಿದೆವೆಂದು ನಿಟ್ಟುಸಿರುಬಿಟ್ಟಿರಬೇಕು. ಎರಡೂವರೆ ವರ್ಷವೂ ತುಂಬಿರಲಿಲ್ಲ. 2017ರ ಆಗಸ್ಟ್ 17ರಂದು ಅದೇ ಬಾರ್ಸಿಲೋನದ ರಾಂಬ್ಲ ಬೀದಿಯಲ್ಲಿ, ನಡೆಯುತ್ತಿದ್ದವರ ಮೇಲೆ ವ್ಯಾನೊಂದನ್ನು ಹರಿಯಿಸಲಾಯಿತು. ಆ ದಾಳಿಗಳಲ್ಲಿ ಒಟ್ಟು 16 ಮಂದಿ ಬಲಿಯಾದರು. ರಾಂಬ್ಲ ಎಂಬುದು ಎಲ್ಲಿಯೋ ಇರುವ ಬೀದಿಯಲ್ಲ. ಹಡಗಿನಿಂದ ಇಳಿದವರು ಕೊಲಂಬಸ್ಸನ ಸ್ತಂಭವನ್ನು ಬಳಸಿ, ಪಟ್ಟಣವನ್ನು ಹೊಗುವ ಹೆದ್ದಾರಿಯೇ ಅದು.

ಹಡಗು ಕಂಪನಿಗಳು ಆಗ ಏನು ಮಾಡಿದುವು? ಬಾರ್ಸಿಲೋನವನ್ನು ಪಟ್ಟಿಯಿಂದ ಹೊಡೆದುಹಾಕಿದುವೇ? ಇಲ್ಲ. ಹಡಗುಗಳು ಬರುತ್ತಲೇ ಇದ್ದುವು. ಅದಕ್ಕೂ ಹಿಂದಿನ ವರ್ಷ, 2016ರ ಜುಲೈ 14ರಂದು, ಫ್ರಾನ್ಸಿನ ನೀಸ್ ನಗರದ ಕಡಲದಂಡೆಯ ರಸ್ತೆಯಲ್ಲಿ ಲಾರಿಯೊಂದು 86 ಮಂದಿಯನ್ನು ಬಲಿ ತೆಗೆದುಕೊಂಡಾಗಲೂ ಹಾಗೆಯೇ. ಕೆಲವು ಹಡಗುಗಳು ಕೆಲವು ದಿನ ಬೇರೆ ರೇವಿಗೆ ತಿರುಗಿದುವು. ಅಷ್ಟರಲ್ಲಿ ಎಲ್ಲವೂ ಮೊದಲಿನಂತೆ. ನೀಸ್‌ನಲ್ಲಿ ಸತ್ತವರು ಬಾರ್ಡೋದಲ್ಲಿ ಸತ್ತವರ ಸುಮಾರು ನಾಲ್ಕು ಪಟ್ಟು.

ಇದರಲ್ಲಿ ಅರ್ಧ ನ್ಯಾಯವಿದೆ, ಅರ್ಧವಿಲ್ಲ. ಬಾರ್ಸಿಲೋನದ ಪೊಲೀಸರು ಕೆಲವೇ ದಿನಗಳಲ್ಲಿ ಆ ಗುಂಪನ್ನು ಬೆನ್ನಟ್ಟಿ ಮುಗಿಸಿದರು. ಅಲ್ಲಿನ ವ್ಯವಸ್ಥೆಯ ಮೇಲೆ ನಂಬಿಕೆಯಿಡಲು ಕಾರಣವಿತ್ತು. ಅದನ್ನು ಒಪ್ಪೋಣ. ಆದರೆ ಇನ್ನೊಂದು ಕಾರಣವೂ ಇದೆ. ಬಾರ್ಸಿಲೋನ ಯುರೋಪಿನ ಅತಿ ದೊಡ್ಡ ವಿಹಾರನೌಕಾ ರೇವು. ಆಗಲೇ ವರ್ಷಕ್ಕೆ 25 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಅಲ್ಲಿ ಹತ್ತಿ ಇಳಿಯುತ್ತಿದ್ದರು. ಅನೇಕ ಹಡಗುಗಳ ಯಾತ್ರೆ ಆರಂಭವಾಗುವುದೂ ಮುಗಿಯುವುದೂ ಅಲ್ಲಿ. ಅದನ್ನು ಬಿಟ್ಟರೆ ಪಶ್ಚಿಮ ಮೆಡಿಟರೇನಿಯನ್ ಕಡಲಿನ ವೇಳಾಪಟ್ಟಿಯೇ ಕುಸಿಯುತ್ತದೆ. ಲಾ ಗೂಲೆಟ್ ಹಾಗಲ್ಲ; ಪೆನ್ಸಿಲಿನ ಒಂದು ಗೀಟಿನಿಂದ ಅದನ್ನು ಅಳಿಸಬಹುದು. ಅದರ ಜಾಗದಲ್ಲಿ ಇನ್ನೊಂದು ದ್ವೀಪದ ಹೆಸರನ್ನು ಬರೆದರೆ ಚೀಟಿ ಕೊಂಡವನು ಹೆಚ್ಚೇನೂ ಗೊಣಗುವುದಿಲ್ಲ. ಇಸ್ತಾಂಬುಲ್ಲಿಗೂ ಇದೇ ಗತಿಯಾಯಿತು. 2016ರ ಜೂನಿನಲ್ಲಿ ವಿಮಾನನಿಲ್ದಾಣದ ದಾಳಿಯಾದ ಮೇಲೆ, ಸಾವಿರಾರು ವರ್ಷಗಳಿಂದ ಹಡಗುಗಳು ಹುಡುಕಿಕೊಂಡು ಬರುತ್ತಿದ್ದ ಆ ಮಹಾನಗರವನ್ನು ವಿಹಾರನೌಕೆಗಳು ವರ್ಷಗಟ್ಟಲೆ ಮರೆತುವು. ಭಯವೂ ಬಡವರ ಮನೆಯಲ್ಲಿ ಹೆಚ್ಚು ದಿನ ತಂಗುತ್ತದೆ!

ಲಾ ಗೂಲೆಟ್ ಧಕ್ಕೆಯ ಪಕ್ಕದಲ್ಲಿ, ಹಡಗಿನವರಿಗಾಗಿಯೇ, ಹಳೆಯ ಅರಬ್ಬೀ ಪೇಟೆಯ ಮಾದರಿಯಲ್ಲಿ ಅಂಗಡಿಬೀದಿಯೊಂದನ್ನು ಕಟ್ಟಿದ್ದರು. ಜೇಡಿಮಣ್ಣಿನ ತಟ್ಟೆ, ತೊಗಲಿನ ಚಪ್ಪಲಿ, ಅತ್ತರು, ಹಕ್ಕಿಗೂಡಿನಂತಹ ತಂತಿಪಂಜರ ಮಾರುವ ಅಂಗಡಿಗಳು. ಹಡಗು ಬಂದ ದಿನ ವ್ಯಾಪಾರ; ಬಾರದ ದಿನ ನೊಣ ಹೊಡೆಯುವುದು. 2015ರ ಮಾರ್ಚಿಯಿಂದ ಅಲ್ಲಿ ಬಾರದ ದಿನಗಳೇ ಬಂದುವು. ಆ ದೇಶದಲ್ಲಿ ಸುಮಾರು ನಾಲ್ಕು ಲಕ್ಷ ಜನರ ಅನ್ನ ಪ್ರವಾಸೋದ್ಯಮದಿಂದ ಬರುತ್ತಿತ್ತೆಂದು ಆಗಿನ ಅಂದಾಜು. ಆ ವರ್ಷದ ಕೊನೆಗೆ ಟ್ಯುನೀಸಿಯದ ನಾಲ್ಕು ಸಂಘಗಳ ಒಕ್ಕೂಟಕ್ಕೆ ಶಾಂತಿಯ ನೊಬೆಲ್ ಪಾರಿತೋಷಕ ದೊರಕಿತು. ಧಕ್ಕೆಯ ಅಂಗಡಿಯವನಿಗೆ ಅದರಿಂದ ಒಂದು ತಟ್ಟೆಯೂ ಮಾರಾಟವಾಗಲಿಲ್ಲ.

ಒಂದೂವರೆ ವರ್ಷದ ಅನಂತರ, 2016ರ ಅಕ್ಟೋಬರಿನಲ್ಲಿ, ‘ಯುರೋಪ’ ಎಂಬ ಜರ್ಮನ್ ಕಂಪನಿಯ ಸಣ್ಣ ಹಡಗೊಂದು ಅಲ್ಲಿಗೆ ಬಂದಿತು. ಅದರಲ್ಲಿದ್ದವರು ಮುನ್ನೂರರ ಆಸುಪಾಸು. ಮೊದಲು ಒಂದೇ ಬೆಳಗ್ಗೆ ಆರು ಸಾವಿರ ಮಂದಿ ಇಳಿಯುತ್ತಿದ್ದ ಧಕ್ಕೆಗೆ! ಆದರೂ ಅವರಿಗೆ ವಿಶೇಷ ಸ್ವಾಗತ ದೊರಕಿತು. ಪ್ರಯಾಣ ಬೇಡವೆಂಬ ಎಚ್ಚರಿಕೆಯನ್ನು ಬ್ರಿಟಿಷ್ ಸರ್ಕಾರ ಸಡಿಲಿಸಿದ್ದು 2017ರ ಜುಲೈಯಲ್ಲಿ. ಸೂಸ್ ದುರಂತವಾಗಿ ಆಗಲೇ ಎರಡು ವರ್ಷವಾಗಿತ್ತು. ಬಾರ್ಡೋ ಮತ್ತು ಸೂಸ್ ಎರಡರ ಆರೋಪಿಗಳಲ್ಲಿ ಏಳು ಮಂದಿಗೆ 2019ರ ಫೆಬ್ರವರಿಯಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಚೀಟಿ ಕೊಳ್ಳುವ ಮುನ್ನ

ಇಷ್ಟೆಲ್ಲ ನಮಗೇಕೆ ಎನ್ನುವ ಕಾಲ ಹೋಯಿತು. ನಿವೃತ್ತರಾದ ತಂದೆತಾಯಿಗಳನ್ನು ಕರೆದುಕೊಂಡು ಸಿಂಗಪುರದಿಂದಲೋ ಮುಂಬಯಿಯಿಂದಲೋ ವಿಹಾರನೌಕೆ ಏರುವ ಸಂಸಾರಗಳು ಈಗ ಬೆಂಗಳೂರು ಮೈಸೂರುಗಳಲ್ಲಿ ಅಪರೂಪವಲ್ಲ. ಆದ್ದರಿಂದ ವ್ಯವಹಾರದ ನಾಲ್ಕು ಮಾತುಗಳನ್ನು ಹೇಳುವುದು ಉಚಿತ.

ರೇವನ್ನು ಬಿಡುವ ಅಥವಾ ಬದಲಿಸುವ ಅಧಿಕಾರ ಹಡಗಿನ ಕಪ್ತಾನನಿಗೂ ಕಂಪನಿಗೂ ಇರುತ್ತದೆ. ಚೀಟಿಯ ಹಿಂದೆ ಇರುವೆಸಾಲಿನಂತಹ ಅಕ್ಷರಗಳಲ್ಲಿ ಇದು ಅಚ್ಚಾಗಿರುತ್ತದೆ, ಓದುವವರು ಕಡಮೆ. ರೇವು ತಪ್ಪಿದರೆ ಸಾಮಾನ್ಯವಾಗಿ ಹಿಂದಕ್ಕೆ ಸಿಗುವುದು ಆ ರೇವಿನ ಸುಂಕ, ಮತ್ತು ಹಡಗಿನವರ ಮೂಲಕವೇ ಗೊತ್ತುಮಾಡಿಕೊಂಡ ವಿಹಾರದ ಹಣ. ‘ನಾನು ಆ ಊರನ್ನು ನೋಡಲೆಂದೇ ಬಂದೆ’ ಎಂದರೆ ನಡೆಯುವುದಿಲ್ಲ. ಹಾಗೆಯೇ, ರೇವಿಗೆ ಹೋಗುವ ಹಡಗಿನಲ್ಲಿ ನಿಮಗೆ ಹೆದರಿಕೆಯಾಯಿತೆಂದು ಯಾತ್ರೆಯನ್ನೇ ರದ್ದುಮಾಡಿದರೆ ಹಣ ಬರುವ ಭರವಸೆಯೂ ಇಲ್ಲ. ಇಳಿಯದೆ ಹಡಗಿನಲ್ಲೇ ಉಳಿಯುವ ಹಕ್ಕು ಮಾತ್ರ ಸಾಮಾನ್ಯವಾಗಿ ಉಂಟು. ಅದಕ್ಕೆ ನಾಚಬೇಕಾದ್ದಿಲ್ಲ.

ವಿಮೆಯ ವಿಷಯ ಇನ್ನೂ ಸೂಕ್ಷ್ಮ. ಭಯೋತ್ಪಾದಕ ಕೃತ್ಯಗಳನ್ನು ಕೆಲವು ವಿಮೆಗಳು ಒಳಗೊಳ್ಳುತ್ತವೆ, ಕೆಲವು ಬಿಡುತ್ತವೆ. ಸರ್ಕಾರ ‘ಹೋಗಬೇಡಿ’ ಎಂದು ಸಾರಿದ ಜಾಗಕ್ಕೆ ಹೋದವನಿಗೆ ಹಣ ಕೊಡಲು ಒಪ್ಪದ ಕರಾರುಗಳು ಬಹಳ. ಆ ಸಾಲನ್ನು ಮನೆಯಲ್ಲಿಯೇ, ಕನ್ನಡಕ ಹಾಕಿಕೊಂಡು, ಹೊರಡುವ ಮೊದಲೇ ಓದಬೇಕು.

ಇನ್ನು ಇಳಿಯುವ ಪ್ರಶ್ನೆ. ಹಡಗಿನವರ ಬಸ್ಸಿಗೆ ಒಂದು ಅನುಕೂಲ: ದಾರಿಯಲ್ಲಿ ತಡವಾದರೆ ಹಡಗು ಕಾಯುತ್ತದೆ, ಸ್ವಂತ ಟ್ಯಾಕ್ಸಿಯಲ್ಲಿ ಹೋದವನಿಗಾಗಿ ಕಾಯುವುದಿಲ್ಲ. ಆದರೆ ಬಾರ್ಡೋದಲ್ಲಿ ಗುರಿಯಾದದ್ದು ಆ ದೊಡ್ಡ ಬಸ್ಸುಗಳ ಸಾಲೇ ಎಂಬುದನ್ನು ಮರೆಯಬಾರದು. ಈಚಿನ ದಿನಗಳಲ್ಲಿ ದಾಳಿಯಾದ ಊರಾದರೆ ನಾನಂತೂ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವೆನು. ಕೊಂದವರು ಸಿಕ್ಕಿಬಿದ್ದರೇ, ಅಥವಾ ಅವರ ಗುಂಪು ಇನ್ನೂ ಹೊರಗಿದೆಯೇ? ಕಾವಲು ತಪ್ಪಿದ್ದೆಲ್ಲಿ ಎಂದು ಆ ಸರ್ಕಾರ ಬಾಯಿಬಿಟ್ಟು ಹೇಳಿತೇ? ಬಸ್ಸು ನಿಲ್ಲುವ ಅಂಗಳದಲ್ಲಿ ಈಗ ಯಾರು ನಿಂತಿದ್ದಾರೆ? 2015ರ ಏಪ್ರಿಲಿನ ಟ್ಯೂನಿಸ್ಸಿಗೆ ಈ ಪ್ರಶ್ನೆಗಳನ್ನು ಹಾಕಿದ್ದರೆ ಇಳಿಯದಿರುವುದೇ ಸರಿಯಾದ ಉತ್ತರ. ಕಂಪನಿಗಳು ಮಾಡಿದ್ದು ತಪ್ಪಲ್ಲ. ಆದರೆ ಉತ್ತರಗಳು ಬದಲಾದ ಮೇಲೂ ವರ್ಷಗಟ್ಟಲೆ ಹೆಸರನ್ನು ಕೇಳಿಯೇ ಮುಖ ತಿರುಗಿಸುವುದಕ್ಕೆ ಎಚ್ಚರವೆಂಬ ಹೆಸರು ಒಪ್ಪದು. ಅಷ್ಟೇ ಎಚ್ಚರ ಬಾರ್ಸಿಲೋನಕ್ಕೂ ನೀಸ್‌ಗೂ ಇದ್ದಿದ್ದರೆ ಮಾತು ಬೇರೆ.

ಈ ಪ್ರಶ್ನೆಯನ್ನು ಒಮ್ಮೆ ತಿರುವುಮುರುವಾಗಿ ನೋಡಿದರೆ ನಮ್ಮ ಊರೇ ಕಣ್ಣಿಗೆ ಬೀಳುತ್ತದೆ. ಪ್ರತಿ ಚಳಿಗಾಲದಲ್ಲಿ ಮಂಗಳೂರಿನ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶೀ ವಿಹಾರನೌಕೆಗಳು ಬರುತ್ತವೆ. ಇಳಿದವರು ಕುದ್ರೋಳಿ ದೇವಾಲಯಕ್ಕೆ, ಮೂಡಬಿದರೆಯ ಸಾವಿರ ಕಂಬದ ಬಸದಿಗೆ, ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದ ಚಿತ್ರಗಳನ್ನು ನೋಡಲು, ಗೋಡಂಬಿ ಕಾರ್ಖಾನೆಗೆ ಹೊರಡುತ್ತಾರೆ. ಬಾಗಿಲಾಚೆ ಟ್ಯಾಕ್ಸಿ, ಆಟೋರಿಕ್ಷಾಗಳವರು ಕಾದಿರುತ್ತಾರೆ. 2008ರ ನವೆಂಬರ್ 26ರ ರಾತ್ರಿ ಹತ್ತು ಮಂದಿ ಕಡಲಿನ ಹಾದಿಯಾಗಿಯೇ ಮುಂಬಯಿಗೆ ಬಂದಿಳಿದು 166 ಮಂದಿಯನ್ನು ಕೊಂದ ಮೇಲೆ, ಎಲ್ಲಿಯೋ ದೂರದ ಊರಿನ ಊಟದ ಮೇಜಿನ ಸುತ್ತ ಯಾವುದೋ ಸಂಸಾರ ‘ಇಂಡಿಯಾದ ರೇವುಗಳಲ್ಲಿ ಇಳಿಯಬೇಕೇ?’ ಎಂದು ತಮ್ಮೊಳಗೆ ಕೇಳಿಕೊಂಡಿರಲಾರದೇ? ಅವರಿಗೆ ಮುಂಬಯಿಗೂ ಮಂಗಳೂರಿಗೂ ಇರುವ ದೂರ ತಿಳಿದಿತ್ತೇ? ಮುಂಬಯಿಯ ತಾಜ್ ಹೋಟೆಲಿನ ಗೋಪುರ ಭಾಗ ಒಂದು ತಿಂಗಳೊಳಗೆ, ಡಿಸೆಂಬರ್ 21ರಂದು, ಮತ್ತೆ ಬಾಗಿಲು ತೆರೆದಾಗ ನಾವು ಹೆಮ್ಮೆಪಟ್ಟೆವು. ಬರುವವರು ಬರಲಿ ಎಂದು ಹಾರೈಸಿದೆವು.

ಬಾರ್ಡೋ ಸಂಗ್ರಹಾಲಯ ಇಂದಿಗೂ ಇದೆ. ಸಂಸತ್ತಿನ ಆವರಣದಲ್ಲಿರುವ ಕರ್ಮಕ್ಕೆ ಅದು ಇನ್ನೊಮ್ಮೆ ಮುಚ್ಚಬೇಕಾಯಿತು. 2021ರ ಜುಲೈಯಲ್ಲಿ ಅಧ್ಯಕ್ಷರು ಸಂಸತ್ತನ್ನು ಅಮಾನತ್ತಿನಲ್ಲಿಟ್ಟಾಗ ಅದರ ಬಾಗಿಲಿಗೂ ಬೀಗ ಬಿದ್ದು, 2023ರ ಸೆಪ್ಟೆಂಬರಿನಲ್ಲಿ ತೆರೆಯಿತು. ಒಳಗೆ ಹೋಗುವವರಿಗೆ ಬಾಗಿಲ ಬಳಿಯಲ್ಲಿಯೇ 2015ರಲ್ಲಿ ಮಡಿದವರ ಹೆಸರುಗಳನ್ನು ಕೊರೆದ ಫಲಕ ಎದುರಾಗುತ್ತದೆ. ಅದನ್ನು ದಾಟಿ ಹೋದರೆ, ದುಗ್ಗ ಎಂಬ ಪುರಾತನ ಪಟ್ಟಣದಿಂದ ತಂದ, ಸಾವಿರದೇಳುನೂರು ವರ್ಷಗಳಷ್ಟು ಹಳೆಯ ಮೊಸಾಯಿಕ್ ಚಿತ್ರವೊಂದಿದೆ. ಕಡಲ ನಡುವೆ ಒಂದು ಹಡಗು. ದಡದಲ್ಲಿ, ಇಂಪಾಗಿ ಹಾಡಿ ನಾವಿಕರನ್ನು ಸೆಳೆದು ಕೊಲ್ಲುವ ಮಾಯಾವಿನಿಯರು. ಗ್ರೀಕರ ಪುರಾಣವೀರ ಯುಲಿಸಿಸ್ ತನ್ನನ್ನು ಕಂಬಕ್ಕೆ ಬಿಗಿದು ಕಟ್ಟಿಸಿಕೊಂಡಿದ್ದಾನೆ. ಅವನ ಸಂಗಾತಿಗಳು ಇನ್ನೊಂದು ಕಡೆಗೆ ಮುಖ ತಿರುಗಿಸಿ ಕುಳಿತಿದ್ದಾರೆ. ಅವನೊಬ್ಬನು ಮಾತ್ರ ದಡದ ಕಡೆಗೆ ನೋಡುತ್ತಿದ್ದಾನೆ.